ವಿಮಾನದೊಳಗಣ ಗಾಳಿ: ಜನರ ನಂಬಿಕೆ, ನಿಜವಾದ ಸಂಗತಿ

2023ರ ಫೆಬ್ರವರಿ 27ರಂದು ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣವು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನವು ಅಲ್ಲಿಗೆ ಬಂದಿಳಿದ ಮೇಲೆ, ಹೊಸಬಾಳೆಯಂಥ ಸೊರಬ ಸೀಮೆಯ ಹಳ್ಳಿಗಳವರಿಗೂ ಶಿಕಾರಿಪುರದ ಪೇಟೆಯವರಿಗೂ ಆಕಾಶಯಾನವು ಕೇವಲ ಕೇಳಿ ತಿಳಿಯುವ ಸಂಗತಿಯಾಗಿ ಉಳಿದಿಲ್ಲ. ಯಾನದೊಡನೆ ಭಯವೂ, ಭಯದೊಡನೆ ಅನೇಕ ಕಲ್ಪನೆಗಳೂ ಬಂದಿವೆ. ಅವುಗಳಲ್ಲಿ ಪ್ರಬಲವಾದುದು, ಮೇಲೇರಿದ ವಿಮಾನದಲ್ಲಿ ಗಾಳಿಯ ಒತ್ತಡ ಕೆಟ್ಟಿತೆಂದರೆ ಅದು ಸಿಡಿದುಹೋಗಿ, ಕುಳಿತವರೆಲ್ಲರೂ ಹೊರಕ್ಕೆ ಸೆಳೆಯಲ್ಪಡುವರೆಂಬುದು.

ಎತ್ತರದಲ್ಲಿ ಆಮ್ಲಜನಕವೇ ಇಲ್ಲವೆಂದೂ, ಆದುದರಿಂದ ವಿಮಾನವು ಅದನ್ನು ಸಿಲಿಂಡರುಗಳಲ್ಲಿ ತುಂಬಿಕೊಂಡು ಹೋಗಿ ಒಳಗೆಲ್ಲ ಬಿಡುವುದೆಂದೂ ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಗಾಳಿಯಲ್ಲಿ ಆಮ್ಲಜನಕದ ಪಾಲು ನಮ್ಮ ಗದ್ದೆಯ ಬದುವಿನ ಮೇಲೂ ಮೂವತ್ತೈದು ಸಾವಿರ ಅಡಿಗಳ ಮೇಲೂ ಶೇಕಡಾ 21ರಷ್ಟೇ. ಕುಗ್ಗುವುದು ಒತ್ತಡ, ಒತ್ತಡವಿಲ್ಲದೆ ಆಮ್ಲಜನಕವು ಶ್ವಾಸಕೋಶದಿಂದ ರಕ್ತಕ್ಕೆ ಸಾಕಷ್ಟು ಇಳಿಯದು. ಆದುದರಿಂದ ಬಹುತೇಕ ಜೆಟ್ ವಿಮಾನಗಳು ತಮ್ಮ ಎಂಜಿನ್ನು ಒತ್ತಿ ಸಾಂದ್ರಗೊಳಿಸಿದ ಹೊರಗಾಳಿಯ ಒಂದಂಶವನ್ನು ತಂಪುಗೊಳಿಸಿ ಒಳಗೆ ಹಾಯಿಸುತ್ತವೆ. ಹಿಂಬದಿಯ ಕವಾಟವೊಂದು ಬೇಕಾದಷ್ಟನ್ನೇ ಹೊರಬಿಟ್ಟು ಒತ್ತಡವನ್ನು ಕಾಯುತ್ತದೆ. ಹಾಗೆ ಕಾದ ಒತ್ತಡವೂ ನೆಲದ ಮೇಲಿನಷ್ಟಿರದೆ, ಸುಮಾರು ಎಂಟು ಸಾವಿರ ಅಡಿಗಳವರೆಗಿನ ಎತ್ತರಕ್ಕೆ ಸಮನಾಗಿರಬಹುದು. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ಅಷ್ಟೆತ್ತರವಿಲ್ಲ.

ಈ ವ್ಯವಸ್ಥೆ ಕೆಡುವುದು ಹೇಗೆ? 1988ರಲ್ಲಿ ಹವಾಯಿಯ ಅಲೋಹಾ ವಿಮಾನದ ಮೇಲ್ಛಾವಣಿಯ ಭಾಗವೇ ಹಾರಿಹೋಗಿ, ಪರಿಚಾರಿಕೆಯೊಬ್ಬಳು ಹೊರಕ್ಕೆ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡಳೆಂಬುದು ನಿಜ; ಆದರೂ ಆ ವಿಮಾನವು ಇಳಿಯಿತು, ಮಿಕ್ಕವರೆಲ್ಲರೂ ಬದುಕಿದರು. ಅಂಥವು ವಿರಳ. ಕವಾಟದ ದೋಷ, ಬಾಗಿಲಿನ ಸಂದಿನ ಸೋರಿಕೆ, ಮರೆತ ಒಂದು ಸ್ವಿಚ್ಚು, ಇವೇ ಸಾಮಾನ್ಯ ಕಾರಣಗಳು. 2018ರ ಸೆಪ್ಟೆಂಬರ್ 20ರಂದು ಮುಂಬಯಿಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಎಂಜಿನ್ನಿನ ಗಾಳಿಯನ್ನು ಒಳಗೆ ಬಿಡುವ ಸ್ವಿಚ್ಚನ್ನು ಹಾಕದೆ ಮೇಲೇರಿದ ಕಾರಣ, 166 ಪ್ರಯಾಣಿಕರಲ್ಲಿ ಸುಮಾರು ಮೂವತ್ತು ಮಂದಿಗೆ ಮೂಗಿನಿಂದಲೂ ಕೆಲವರಿಗೆ ಕಿವಿಯಿಂದಲೂ ರಕ್ತ ಸುರಿಯಿತು; ವಿಮಾನವು ಮುಂಬಯಿಗೇ ಮರಳಿತು. ಅದು ಆಮ್ಲಜನಕದ ಕೊರತೆಯಿಂದ ಸುರಿದ ರಕ್ತವಲ್ಲ. ದೇಹದ ಹೊರಗಿನ ಒತ್ತಡವು ತಟ್ಟನೆ ಕುಸಿದಾಗ ಮೂಗಿನ ಸುತ್ತಣ ಕುಹರಗಳಲ್ಲಿಯೂ ಮಧ್ಯಕರ್ಣದಲ್ಲಿಯೂ ಸಿಲುಕಿದ ಗಾಳಿ ಹಿಗ್ಗಿ ಮಾಡಿದ ಗಾಯ.

ಜೋಗದಿಂದ ಹೊನ್ನಾವರಕ್ಕೆ ಘಟ್ಟ ಇಳಿಯುವಾಗ ಕಿವಿ ಕಟ್ಟುವುದನ್ನು ಬಲ್ಲ ನಮ್ಮವರು ವಿಮಾನದಲ್ಲಿ ಕಿವಿಗೆ ಹತ್ತಿ ತುರುಕಿಕೊಳ್ಳುವುದುಂಟು. ಅದರಿಂದ ಪ್ರಯೋಜನವಿಲ್ಲ, ಮಧ್ಯಕರ್ಣವನ್ನು ಗಂಟಲಿಗೆ ಕೂಡಿಸುವ ಸೂಕ್ಷ್ಮನಾಳವು ತೆರೆಯಬೇಕು, ಅದಕ್ಕೆ ಉಗುಳು ನುಂಗುವುದೂ ಆಕಳಿಸುವುದೂ ಉಪಾಯ. ಇಳಿಯುವ ವೇಳೆ ಎಳೆಮಗುವಿಗೆ ಹಾಲೂಡಿಸಿದರೆ ಸಾಕು.

ಇವೆಲ್ಲಕ್ಕಿಂತ ಅಪಾಯಕರವಾದ ಭ್ರಾಂತಿಯೆಂದರೆ, ಆಮ್ಲಜನಕ ಸಾಲದಾದಾಗ ಉಸಿರು ಕಟ್ಟುವುದು, ಆಗ ಆಮ್ಲಜನಕದ ಮುಖವಾಡ ಹಾಕಿಕೊಂಡರಾಯಿತು ಎಂಬುದು. ಉಸಿರುಗಟ್ಟುವ ಸಂಕಟ ಮುಖ್ಯವಾಗಿ ಹುಟ್ಟುವುದು ದೇಹದಲ್ಲಿ ಇಂಗಾಲದ ಡೈಆಕ್ಸೈಡು ಸೇರಿಕೊಂಡಾಗ. ಎತ್ತರದಲ್ಲಿ ಅದು ಪ್ರತಿ ನಿಶ್ವಾಸದೊಡನೆ ಹೊರಹೋಗುತ್ತಲೇ ಇರುವುದರಿಂದ ಸಂಕಟವೇ ತೋರದೆ, ಎಷ್ಟೋ ಸಲ ಒಂದು ಬಗೆಯ ಹಿತವೂ ಅತಿವಿಶ್ವಾಸವೂ ಆವರಿಸಿ, ವಿವೇಚನೆ ಮೆಲ್ಲನೆ ನಂದುತ್ತದೆ. ಮೂವತ್ತೈದು ಸಾವಿರ ಅಡಿಗಳಲ್ಲಿ ಒತ್ತಡ ಪೂರ್ತಿ ಹೋದರೆ ಮನುಷ್ಯನು ಅರಿತು ಕಾರ್ಯಮಾಡಬಲ್ಲ ಅವಧಿ ಮೂವತ್ತರಿಂದ ಅರುವತ್ತು ಸೆಕೆಂಡು ಮಾತ್ರ. 1957ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಾಯುಸೇನೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯು ಪೈಲಟರನ್ನು ಒತ್ತಡ ಕುಗ್ಗಿಸಿದ ಕೊಠಡಿಯಲ್ಲಿ ಕೂರಿಸಿ, ಈ ಮಂಕು ತಮ್ಮ ಮೈಯಲ್ಲಿ ಹೇಗೆ ಆರಂಭವಾಗುವುದೆಂಬುದನ್ನು ಅವರೇ ಗುರುತಿಸುವಂತೆ ಮಾಡುವುದು ಇದಕ್ಕಾಗಿಯೇ. 2005ರ ಆಗಸ್ಟ್ 14ರಂದು ಲಾರ್ನಕಾದಿಂದ ಅಥೆನ್ಸಿಗೆ ಹೊರಟ ಹೀಲಿಯೋಸ್ ವಿಮಾನದಲ್ಲಿ, ನೆಲದ ಮೇಲೆ ಪರೀಕ್ಷೆ ನಡೆಸಿದವರು ಒತ್ತಡದ ಸ್ವಿಚ್ಚನ್ನು ಸ್ವಯಂಚಾಲಿತ ಸ್ಥಾನಕ್ಕೆ ಮರಳಿಸಿರಲಿಲ್ಲ. ಎಚ್ಚರಿಕೆಯ ಸದ್ದನ್ನು ಪೈಲಟರು ಬೇರೊಂದು ಸೂಚನೆಯೆಂದು ತಿಳಿದರು. ತಿಳಿದುಕೊಳ್ಳುವ ಶಕ್ತಿಯೇ ಕುಂದಿ ಮೂರ್ಛೆಹೋದರು. ಇಂಧನ ಬರಿದಾಗುವವರೆಗೆ ತಾನಾಗಿ ಹಾರಿದ ವಿಮಾನ ಬೆಟ್ಟಕ್ಕೆ ಬಡಿಯಿತು; 121 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಮೊದಲು ತನ್ನ ಮುಖವಾಡ, ಅನಂತರ ಮಗುವಿನದು ಎಂಬ ನಿಯಮವು ತಾಯಂದಿರಿಗೆ ನಿರ್ದಯವಾಗಿ ಕೇಳಿಸುವುದು ನನಗೆ ಅರ್ಥವಾಗುತ್ತದೆ. ಆದರೆ ಎಚ್ಚರ ತಪ್ಪಿದ ತಾಯಿ ಯಾವ ಮಗುವನ್ನೂ ಕಾಯಲಾರಳು. ಮುಖವಾಡದ ಚೀಲ ಉಬ್ಬದಿದ್ದರೂ ಆಮ್ಲಜನಕ ಹರಿಯುತ್ತಲೇ ಇರುತ್ತದೆ. ಸುಟ್ಟಂಥ ವಾಸನೆ ಬಂದರೆ ಅದು ರಾಸಾಯನಿಕದಿಂದ ಆಮ್ಲಜನಕ ಹುಟ್ಟಿಸುವ ಪೆಟ್ಟಿಗೆಯ ಶಾಖದ್ದು. ಅದರ ಪೂರೈಕೆ ಸಾಮಾನ್ಯವಾಗಿ ಹನ್ನೆರಡು ನಿಮಿಷಗಳ ಆಸುಪಾಸಿನದು, ಅಷ್ಟರೊಳಗೆ ಪೈಲಟನು ವಿಮಾನವನ್ನು ಸುಮಾರು ಹತ್ತು ಸಾವಿರ ಅಡಿಗಳಿಗೆ ಕಡಿದಾಗಿ ಇಳಿಸುತ್ತಾನೆ. ಅದು ಪತನವಲ್ಲ, ರಕ್ಷಣೆ. ಸೋಗಾನೆಗೆ ಬರುವ ಎಟಿಆರ್ ಎಂಬ ಚಿಕ್ಕ ವಿಮಾನಗಳು ಇಪ್ಪತ್ತೈದು ಸಾವಿರ ಅಡಿಗಳನ್ನು ಮೀರಿ ಏರವಾದ್ದರಿಂದ ಅವುಗಳಲ್ಲಿ ತಲೆಯ ಮೇಲಿಂದ ಮುಖವಾಡ ಉದುರುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ; ಅದನ್ನು ಕಾಣದೆ ಅಂಜಬೇಡಿ. ದೊಡ್ಡ ವಿಮಾನದಲ್ಲಿ ಪರಿಚಾರಿಕೆ ಮುಖವಾಡವನ್ನು ಎತ್ತಿ ತೋರಿಸುವ ಆ ಒಂದು ನಿಮಿಷವಾದರೂ ಮೊಬೈಲನ್ನು ಬದಿಗಿಟ್ಟು, ಮನೆಯ ಹಿರಿಯರಿಗೆ ಆಕೆಯ ಮಾತನ್ನು ಕನ್ನಡದಲ್ಲಿ ತಿಳಿಸಿಹೇಳಿ.