ನಾಲೆಯ ನೀರೂ ಚಳಿಜ್ವರದ ಸರಪಳಿಯೂ

ಸೋಂಕು ಎಂಬುದು ಒಮ್ಮೆಗೇ ಬಂದೆರಗುವ ವಿಪತ್ತಲ್ಲ. ರೋಗಾಣು, ಅದಕ್ಕೆ ಆಶ್ರಯವೀಯುವ ದೇಹ, ಅಲ್ಲಿಂದ ಹೊರಬರುವ ದಾರಿ, ಸಾಗಿಸುವ ವಾಹಕ, ಹೊಸ ದೇಹವನ್ನು ಹೊಗುವ ಬಾಗಿಲು, ಎದುರಿಸಲಾರದ ದೇಹ, ಈ ಆರು ಕೊಂಡಿಗಳು ಕೂಡಿದಾಗಲೇ ಅದರ ಸರಪಳಿ ಪೂರ್ಣವಾಗುವುದು. ಒಂದು ಕೊಂಡಿ ಕಳಚಿದರೂ ಸೋಂಕು ಮುಂದೆ ಸಾಗಲಾರದು. ಶುಶ್ರೂಷಾಶಾಸ್ತ್ರದ ಈ ಮೊದಲ ಪಾಠಕ್ಕೆ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಚರಿತ್ರೆಯೇ ತಕ್ಕ ನಿದರ್ಶನ.

ಈ ತಾಲ್ಲೂಕುಗಳ ಬಹುಭಾಗವು ಹಿಂದೆ ರಾಗಿ ಬೆಳೆಯುವ ಬೆದ್ದಲು ಭೂಮಿಯಾಗಿದ್ದಿತು. 1930ರ ದಶಕದಲ್ಲಿ ಇರ್ವಿನ್ ನಾಲೆಯು ಕೃಷ್ಣರಾಜಸಾಗರದ ನೀರನ್ನು ಇಲ್ಲಿಗೆ ತಂದಿತು. ಈಗ ಅದನ್ನು ವಿಶ್ವೇಶ್ವರಯ್ಯ ನಾಲೆಯೆಂದು ಕರೆಯುತ್ತೇವೆ. ಬತ್ತ, ಕಬ್ಬು ಬೆಳೆದುವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಆದರೆ ನೀರಿನ ಬೆನ್ನಿಗೇ ಚಳಿಜ್ವರವೂ ಬಂದಿತು. ಗದ್ದೆಗಳಲ್ಲಿ, ನಾಲೆಯಿಂದ ಜಿನುಗಿ ನಿಂತ ತಿಳಿನೀರಿನಲ್ಲಿ ಅನಾಫಿಲೀಸ್ ಜಾತಿಯ ಸೊಳ್ಳೆಗಳು ಮೊಟ್ಟೆಯಿಟ್ಟುವು. ಮಲೇರಿಯಾ ಹರಡಲು ಬೇಕಾದ ವಾಹಕಕ್ಕೆ ಹೀಗೆ ಹೇರಳವಾಗಿ ನೆಲೆ ದೊರಕಿತು.

ಈ ಸೋಂಕಿನ ಹಂತಗಳನ್ನು ನೋಡೋಣ. ಸೊಳ್ಳೆ ಕಚ್ಚಿದಾಗ ಮೈಸೇರಿದ ರೋಗಾಣುಗಳು ಬೇಗನೆ ಯಕೃತ್ತನ್ನು ಸೇರಿ ಅಲ್ಲಿ ಗುಟ್ಟಾಗಿ ವೃದ್ಧಿಯಾಗುತ್ತವೆ. ಸಾಮಾನ್ಯವಾಗಿ ಒಂದೆರಡು ವಾರಗಳ ಈ ಗುಪ್ತಾವಧಿಯಲ್ಲಿ ಮನುಷ್ಯನು ಆರೋಗ್ಯವಂತನಂತೆಯೇ ಕಾಣುವನು. ಎರಡನೆಯದು ಮುನ್ಸೂಚನೆಯ ಅವಧಿ: ತಲೆನೋವು, ಮೈಕೈನೋವು, ಅರುಚಿ. ಮೂರನೆಯದು ರೋಗದ ಉಚ್ಛ್ರಾಯ. ರೋಗಾಣುಗಳು ಕೆಂಪು ರಕ್ತಕಣಗಳನ್ನು ಒಡೆದು ಹೊರಬರುವಾಗ ಮೊದಲು ಗಡಗಡ ನಡುಕ, ಆಮೇಲೆ ಸುಡುವ ಜ್ವರ, ಕಡೆಗೆ ಬೆವರು. ನಾಲ್ಕನೆಯದು ಚೇತರಿಕೆ.

ನಾವು ಮೋಸಹೋಗುವುದು ಈ ನಾಲ್ಕನೆಯ ಹಂತದಲ್ಲಿಯೇ. ಜ್ವರ ಬಿಟ್ಟಿತೆಂದು ರೋಗಿಯು ಹೊಲಕ್ಕೆ ಹೊರಡುವನು. ಅವನ ರಕ್ತದಲ್ಲಿ ಮಾತ್ರ ಸೊಳ್ಳೆಗೆ ಸೋಂಕು ಕೊಡಬಲ್ಲ ರೋಗಾಣುಗಳು ಇನ್ನೂ ಉಳಿದಿರಬಹುದು. ವೈವಾಕ್ಸ್ ಜಾತಿಯದಾದರೆ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಮರುಕಳಿಸುವುದುಂಟು. ಆದುದರಿಂದ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ದಿನವೂ ಔಷಧಿ ಸೇವಿಸತಕ್ಕದ್ದು. ರೋಗಿಯ ಮಂಚಕ್ಕೆ ಕಟ್ಟಿದ ಸೊಳ್ಳೆಪರದೆಯು ಅವನಿಗಿಂತ ಹೆಚ್ಚಾಗಿ ನೆರೆಹೊರೆಯವರನ್ನು ಕಾಪಾಡುತ್ತದೆಂಬುದನ್ನು ಶುಶ್ರೂಷಕಿಯರು ಮನೆಯವರಿಗೆ ತಿಳಿಯಹೇಳಬೇಕು.

ಉಳಿದ ಕೊಂಡಿಗಳು ರೈತನ ಕೈಯಲ್ಲಿವೆ. ಗದ್ದೆಯಲ್ಲಿ ನೀರನ್ನು ಸದಾ ನಿಲ್ಲಿಸದೆ, ನಡುನಡುವೆ ಪೂರ್ತಿ ಬತ್ತಲು ಬಿಟ್ಟರೆ ಸೊಳ್ಳೆಯ ಮರಿಗಳು ರೆಕ್ಕೆ ಮೂಡುವ ಮೊದಲೇ ಸಾಯುತ್ತವೆ. ಬಸಿಗಾಲುವೆಗಳ ಹೂಳು ತೆಗೆದು ನೀರು ಹರಿಯುವಂತಿಟ್ಟರೆ ಅವುಗಳ ನೆಲೆ ತಪ್ಪುತ್ತದೆ.

1953ರಲ್ಲಿ ಭಾರತವು ಮನೆಗಳ ಗೋಡೆಗೆ ಡಿ.ಡಿ.ಟಿ. ಸಿಂಪಡಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. 1965ರಲ್ಲಿ ದೇಶದ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿದಿದ್ದಿತು. ಬಳಿಕ ಎಚ್ಚರಿಕೆ ಸಡಿಲಿತು, ಸೊಳ್ಳೆಗಳೂ ಔಷಧಿಗೆ ಒಗ್ಗಿಕೊಂಡುವು. 1976ರಲ್ಲಿ ಆ ಸಂಖ್ಯೆ 64 ಲಕ್ಷವನ್ನು ಮೀರಿತು. ಅಂದಿಗೆ ಹೋಲಿಸಿದರೆ ಇಂದು ಈ ಕಾಯಿಲೆ ಬಹಳ ಕಡಿಮೆ. ಆದರೆ ನಾಲೆಯೂ ಇದೆ, ಗದ್ದೆಯೂ ಇದೆ, ಸೊಳ್ಳೆಯೂ ಇದೆ. ಪರಸ್ಥಳದಿಂದ ರೋಗಾಣುವನ್ನು ಹೊತ್ತು ಒಬ್ಬನು ಬಂದರೂ ಸರಪಳಿ ಮತ್ತೆ ಕೂಡಿಕೊಳ್ಳಬಹುದು. ನಡುಕದ ಜ್ವರ ಕಂಡೊಡನೆ ರಕ್ತಪರೀಕ್ಷೆ ಮಾಡಿಸುವ ರೂಢಿಯನ್ನು ನಾವು ಬಿಡಲಾಗದು.