ಮಾತು ನಿಂತರೂ ಹಾಡು ನಿಲ್ಲದು!

1745ನೇ ಇಸವಿ. ಸ್ವೀಡನ್ನಿನ ಉಲೋಫ್ ಡಾಲಿನ್ ಎಂಬ ವಿದ್ವಾಂಸರು ಅಲ್ಲಿನ ವಿಜ್ಞಾನ ಅಕಾಡೆಮಿಯ ಸಂಚಿಕೆಯಲ್ಲಿ ಪುಟ್ಟದೊಂದು ವರದಿ ಪ್ರಕಟಿಸುತ್ತಾರೆ. ಕಾಯಿಲೆ ಬಿದ್ದು ಬಲಭಾಗದ ಸ್ವಾಧೀನವನ್ನೂ ಮಾತನ್ನೂ ಒಟ್ಟಿಗೇ ಕಳೆದುಕೊಂಡ 33 ವರ್ಷದವನೊಬ್ಬನ ಕಥೆ ಅದು. ‘ಹೌದು’ ಅನ್ನುವ ಒಂದೇ ಒಂದು ಪದ ಬಿಟ್ಟರೆ ಅವನ ಬಾಯಿಂದ ಏನೂ ಹೊರಡುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಯಾರಾದರೂ ಪ್ರಾರ್ಥನಾಗೀತೆಯೊಂದನ್ನು ಎತ್ತಿಕೊಟ್ಟರೆ ಸಾಕು, ಜೊತೆಗೂಡಿಬಿಡುತ್ತಿದ್ದ. ಕಾಯಿಲೆಗೆ ಮೊದಲು ಕಲಿತಿದ್ದ ಹಾಡುಗಳನ್ನು ಆರೋಗ್ಯವಂತರಷ್ಟೇ ಸ್ಪಷ್ಟವಾಗಿ ಹಾಡುತ್ತಿದ್ದ!

ಓದುತ್ತಿದ್ದಂತೆ ಮೈ ಜುಮ್ಮೆಂದಿತು. ನೀರು ಬೇಕೆಂದು ಕೇಳಲಾರದ ನಾಲಿಗೆ ಇಡೀ ಹಾಡನ್ನು ಹೇಗೆ ಹಾಡೀತು? ಪದಗಳು ಅಳಿಸಿಹೋಗಿದ್ದರೆ ಹಾಡಿನಲ್ಲಿ ಅವು ಬಂದದ್ದಾದರೂ ಎಲ್ಲಿಂದ? ಹಾಗಾದರೆ ಪದಗಳು ಒಳಗೇ ಇದ್ದವು! ಹೊರಬರುವ ದಾರಿ ಮಾತ್ರ ಮುಚ್ಚಿತ್ತು. ಈ ಒಂದು ಹೊಳಹಿನಿಂದ ಹೊರಟರೆ ಸಂಗೀತ ಮನಸ್ಸಿಗೆ ನೆಮ್ಮದಿ ಕೊಡುತ್ತದೆ ಎಂಬ ನಮ್ಮ ಹಳೆಯ ನಂಬಿಕೆ ಎಷ್ಟು ಚಿಕ್ಕದು ಅನ್ನಿಸತೊಡಗುತ್ತದೆ. ಸಂಗೀತ ಗಾಯಗೊಂಡ ಮಿದುಳಿನೊಳಗೆ ಹೊಸ ದಾರಿಯನ್ನೇ ತೆರೆಯಬಲ್ಲದು!

ಮುಚ್ಚಿದ ದಾರಿ, ತೆರೆದ ದಾರಿ

ಮಿದುಳಿನ ಎಡ ಅರ್ಧದ ಮುಂಭಾಗದಲ್ಲಿ ಮಾತನ್ನು ಜೋಡಿಸಿ ಹೊರಡಿಸುವ ಜಾಗವೊಂದಿದೆ. ಅದನ್ನು 1861ರಲ್ಲಿ ಗುರುತಿಸಿದವರು ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ. ಅವರು ಕಂಡ ರೋಗಿಯೊಬ್ಬ ಏನೇ ಕೇಳಿದರೂ ‘ತಾನ್’ ಎಂದಷ್ಟೇ ಉತ್ತರಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿದರೆ ಹಾನಿಯಾಗಿದ್ದದ್ದು ಎಡ ಮುಂಭಾಗಕ್ಕೆ. ಲಕ್ವ ಹೊಡೆದು ಈ ಭಾಗಕ್ಕೆ ರಕ್ತ ಹರಿಯುವುದು ನಿಂತರೆ ಬರುವುದೇ ಬ್ರೋಕಾ ಅಫೇಸಿಯಾ ಎಂಬ ಮಾತಿನ ತೊಂದರೆ. ಎದುರಿನವರು ಆಡಿದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ, ಹೇಳಬೇಕಾದ್ದು ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಮಗನ ಹೆಸರು ನಾಲಿಗೆಯ ತುದಿಯಲ್ಲೇ ಸಿಕ್ಕಿಕೊಂಡು ಕಣ್ಣು ತುಂಬಿಬರುವ ಆ ಸಂಕಟ ಹತ್ತಿರದಿಂದ ಕಂಡವರಿಗೇ ಗೊತ್ತು.

ಹಾಡು ಹೀಗೆ ಒಂದೇ ಅರ್ಧವನ್ನು ನೆಚ್ಚಿಕೊಂಡಿಲ್ಲ. ಸ್ವರದ ಏರಿಳಿತ, ಧಾಟಿ ಇವುಗಳಲ್ಲಿ ಬಲ ಅರ್ಧದ ಪಾಲು ದೊಡ್ಡದು. ಮಳೆಗಾಲದಲ್ಲಿ ಸೇತುವೆ ಕೊಚ್ಚಿಹೋದಾಗ ಊರಿನವರು ಗುಡ್ಡ ಬಳಸಿ ಕಾಲುದಾರಿಯಲ್ಲಿ ಪೇಟೆ ಸೇರುವುದಿಲ್ಲವೇ? ಪದಗಳೂ ಹಾಗೆ ರಾಗದ ದಾರಿ ಹಿಡಿದು ನಾಲಿಗೆಗೆ ಬಂದು ಸೇರುತ್ತವೆ!

ಎಡಗೈ ತಟ್ಟಿ, ಪದ ಹಾಡಿ

1973ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮಾರ್ಟಿನ್ ಆಲ್ಬರ್ಟ್, ರಾಬರ್ಟ್ ಸ್ಪಾರ್ಕ್ಸ್ ಮತ್ತು ನ್ಯಾನ್ಸಿ ಹೆಲ್ಮ್ ಈ ದಾರಿಯನ್ನೇ ಚಿಕಿತ್ಸೆಯಾಗಿ ರೂಪಿಸಿದರು. ಹೆಸರು ಮೆಲಾಡಿಕ್ ಇಂಟೋನೇಷನ್ ಥೆರಪಿ. ಅದು ಎಷ್ಟು ಸರಳ ನೋಡಿ!

ಕನ್ನಡದಲ್ಲೇ ಊಹಿಸಿಕೊಳ್ಳೋಣ. ಚಿಕಿತ್ಸಕರು ರೋಗಿಯ ಎದುರು ಕುಳಿತು ಅವರ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿಯುತ್ತಾರೆ. ಕಲಿಯಬೇಕಾದ್ದು ‘ನೀರು ಬೇಕು’. ಮೊದಲು ಪದವಿಲ್ಲ, ಬರೀ ಗುನುಗು. ಒಂದು ಮೇಲಿನ ಸ್ವರ, ಒಂದು ಕೆಳಗಿನ ಸ್ವರ, ಎರಡೇ. ನಡುವಿನ ಅಂತರ ಸಾಮಾನ್ಯವಾಗಿ ನಮ್ಮ ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವಷ್ಟು. ಗುನುಗಿನ ಜೊತೆಗೇ ಎಡಗೈಯನ್ನು ಮೇಜಿನ ಮೇಲೆ ಮೆಲ್ಲಗೆ ತಟ್ಟಿಸುತ್ತಾರೆ. ಆಮೇಲೆ ಅದೇ ಧಾಟಿಗೆ ಪದ ಕೂಡಿಸುತ್ತಾರೆ: ನೀ ಮೇಲೆ, ರು ಕೆಳಗೆ, ಬೇ ಮೇಲೆ, ಕು ಕೆಳಗೆ. ಅಕ್ಷರಕ್ಕೊಂದು ತಟ್ಟು. ಇಬ್ಬರೂ ಒಟ್ಟಿಗೆ ಹಾಡುತ್ತಾರೆ. ಹಾಡುತ್ತಾ ಹಾಡುತ್ತಾ ಚಿಕಿತ್ಸಕರು ದನಿ ತಗ್ಗಿಸಿ ಹಿಂದೆ ಸರಿಯುತ್ತಾರೆ, ರೋಗಿ ಒಬ್ಬರೇ ಮುಂದುವರಿಯುತ್ತಾರೆ. ಆಗ ಪ್ರಶ್ನೆ: ‘ಏನು ಬೇಕು?’ ಉತ್ತರ ಹಾಡಾಗಿ ಬರುತ್ತದೆ. ಮುಂದಿನ ಹಂತಗಳಲ್ಲಿ ರಾಗ ಸ್ವಲ್ಪಸ್ವಲ್ಪವೇ ಕರಗಿ, ಕೊನೆಗೆ ಮಾತಿನ ಧಾಟಿಯೇ ಉಳಿಯಬೇಕು.

ಎಡಗೈಯೇ ಏಕೆ? ಲಕ್ವದಿಂದ ಬಲಗೈ ಸೋತಿರುವುದು ಒಂದು ಕಾರಣ. ಎಡಗೈಯನ್ನು ನಡೆಸುವುದು ಬಲ ಮಿದುಳು ಎಂಬುದು ಇನ್ನೊಂದು. ತಟ್ಟಿದಷ್ಟೂ ಎಚ್ಚರಗೊಳ್ಳುವುದು ಆ ಬಲ ಅರ್ಧವೇ!

ಇನ್ನೂ ಬೆರಗಿನ ಸಂಗತಿ ಮುಂದಿದೆ. 2009ರಲ್ಲಿ ಬಾಸ್ಟನ್ನಿನ ನರವಿಜ್ಞಾನಿ ಗಾಟ್‌ಫ್ರೀಡ್ ಶ್ಲಾಗ್ ಅವರ ತಂಡ ಈ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ಪಡೆದ ಆರು ರೋಗಿಗಳ ಮಿದುಳನ್ನು ಚಿಕಿತ್ಸೆಗೆ ಮುಂಚೆ ಮತ್ತು ನಂತರ ಸ್ಕ್ಯಾನ್ ಮಾಡಿ ಹೋಲಿಸಿತು. ಕೇಳುವ ಭಾಗವನ್ನೂ ನುಡಿಯುವ ಭಾಗವನ್ನೂ ಬೆಸೆಯುವ ಬಾಗಿದ ನರತಂತುಗಳ ಕಟ್ಟೊಂದು ಮಿದುಳಿನ ಎರಡೂ ಕಡೆ ಇದೆ. ಬಲಗಡೆಯ ಆ ಕಟ್ಟು ಮೊದಲಿಗಿಂತ ದಪ್ಪವಾಗಿತ್ತು! ವಯಸ್ಸಾದ, ಪೆಟ್ಟು ತಿಂದ ಮಿದುಳು ಹಾಡಿ ಹಾಡಿ ತನ್ನನ್ನೇ ಮತ್ತೆ ಕಟ್ಟಿಕೊಳ್ಳುತ್ತಿತ್ತು.

ಅಮೆರಿಕದ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರ ತಲೆಗೆ 2011ರ ಜನವರಿಯಲ್ಲಿ ಗುಂಡು ಹೊಕ್ಕು ಎಡ ಮಿದುಳು ಘಾಸಿಗೊಂಡಿತು. ಮಾತು ಹೋಯಿತು. ಸ್ಪೀಚ್ ಥೆರಪಿಯ ಜೊತೆಗೆ ಸಂಗೀತ ಚಿಕಿತ್ಸೆಯೂ ನಡೆಯಿತು. ಆಡಲಾಗದ ಪದಗಳನ್ನು ಅವರು ಮೊದಲು ಹಾಡಿದರು. ಮುಂದೆ ದೇಶವೇ ನೋಡುವ ವೇದಿಕೆಗಳಲ್ಲಿ ನಿಂತು ಮಾತಾಡಿದರು!

ರಾಗವೋ, ತಾಳವೋ?

ಹಾಗಾದರೆ ಕೆಲಸ ಮಾಡುವುದು ರಾಗವೇ? 2011ರಲ್ಲಿ ಜರ್ಮನಿಯ ಲೈಪ್ಜಿಗ್‌ನ ಮಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 17 ರೋಗಿಗಳಿಂದ ಅವೇ ಪದಗಳನ್ನು ಒಮ್ಮೆ ಹಾಡಿಸಿದರು, ಇನ್ನೊಮ್ಮೆ ಬರೀ ಲಯಕ್ಕೆ ಹೇಳಿಸಿದರು. ಹಾಡಿನಷ್ಟೇ ಲಯವೂ ನೆರವಾಯಿತು. ಬಹುಕಾಲದಿಂದ ಬಾಯಿಪಾಠವಾಗಿದ್ದ ನುಡಿಗಳು ಇನ್ನೂ ಸಲೀಸಾಗಿ ಬಂದವು. ಈಗ ಡಾಲಿನ್ನರ ವರದಿಯನ್ನು ಮತ್ತೆ ತೆರೆಯಿರಿ. ಆ ಸ್ವೀಡನ್ನಿನವನು ಕೆಲವು ಪ್ರಾರ್ಥನೆಗಳನ್ನು ಹಾಡದೆಯೂ ಒಂದು ಲಯದಲ್ಲಿ ಏರುದನಿಯಿಂದ ಹೇಳಬಲ್ಲವನಾಗಿದ್ದ ಎಂದು ಅವರು ಆಗಲೇ ಬರೆದಿಟ್ಟಿದ್ದಾರೆ! ಸುಳಿವು ಎರಡೂವರೆ ಶತಮಾನ ಅಲ್ಲೇ ಕಾದಿತ್ತು.

ಲಯದ ಈ ಶಕ್ತಿ ನಾಲಿಗೆಗಷ್ಟೇ ಸೀಮಿತವೇ? ಕಾಲಿನ ಕಡೆ ನೋಡಿ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಚಲನೆಗೆ ಒಳಗಿನಿಂದ ಲಯ ಕೊಡುವ ಮಿದುಳಿನ ಭಾಗಗಳು ಸೊರಗುತ್ತವೆ. ಹೆಜ್ಜೆ ಕಿರಿದಾಗುತ್ತದೆ, ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಒಳಗಿನ ತಾಳ ತಪ್ಪಿದವರಿಗೆ ಹೊರಗಿನಿಂದ ತಾಳ ಹಾಕಿದರೆ? ಮೈಕೇಲ್ ಥಾಟ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವಾರ ಮನೆಯಲ್ಲೇ ಸಂಗೀತದ ಲಯಕ್ಕೆ ಹೆಜ್ಜೆ ಹಾಕಿದವರ ನಡಿಗೆಯ ವೇಗ ಶೇ 25ರಷ್ಟು ಹೆಚ್ಚಿತು!

ಬರೀ ಕೇಳಿದರೂ ಸಾಕೇ?

ಹಾಡಲಾರದವರು, ಹೆಜ್ಜೆ ಹಾಕಲಾರದವರು ಏನು ಮಾಡಬೇಕು? ಹೆಲ್ಸಿಂಕಿಯಲ್ಲಿ ಲಕ್ವ ಹೊಡೆದ 60 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ತನಗಿಷ್ಟವಾದ ಸಂಗೀತವನ್ನು ಎರಡು ತಿಂಗಳು ದಿನವೂ ಕೇಳಿತು, ಇನ್ನೊಂದು ಧ್ವನಿಪುಸ್ತಕ ಕೇಳಿತು, ಮೂರನೆಯದಕ್ಕೆ ಎರಡೂ ಇಲ್ಲ. 2008ರಲ್ಲಿ ಬಂದ ಫಲಿತಾಂಶ: ಪದಗಳ ನೆನಪಿನ ಶಕ್ತಿಯೂ ಏಕಾಗ್ರತೆಯೂ ಸಂಗೀತ ಕೇಳಿದವರಲ್ಲಿ ಹೆಚ್ಚು ಚೇತರಿಸಿಕೊಂಡಿದ್ದವು, ಮನಸ್ಸಿಗೆ ಕವಿಯುವ ಮಂಕೂ ಅವರಲ್ಲಿ ಕಡಿಮೆಯಿತ್ತು. ಶಸ್ತ್ರಚಿಕಿತ್ಸೆ ಕುರಿತ 73 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2015ರ ‘ಲ್ಯಾನ್ಸೆಟ್’ ಪ್ರಬಂಧವಂತೂ ನಂಬಲಾಗದ್ದನ್ನು ಹೇಳುತ್ತದೆ. ಸಂಗೀತ ಕೇಳಿದ ರೋಗಿಗಳಿಗೆ ನೋವು, ಆತಂಕ ಕಡಿಮೆ. ನೋವಿನ ಔಷಧವೂ ಕಡಿಮೆ ಸಾಕಾಯಿತು. ಪೂರ್ತಿ ಅರಿವಳಿಕೆಯಲ್ಲಿದ್ದಾಗ ಕೇಳಿಸಿದರೂ ಪರಿಣಾಮ ಕಂಡಿತು!

ಇಷ್ಟು ಬೆರಗಿರುವಾಗ ಇಲ್ಲದ್ದನ್ನು ಸೇರಿಸುವ ಅಗತ್ಯವೇ ಇಲ್ಲ. ಇಂಥ ರಾಗ ಕೇಳಿದರೆ ಸಕ್ಕರೆ ಕಾಯಿಲೆ ವಾಸಿ, ಇಂಥ ರಾಗಕ್ಕೆ ಕ್ಯಾನ್ಸರ್ ಮಾಯ ಎಂಬ ಪಟ್ಟಿಗಳಿಗೆ ಪುರಾವೆಯಿಲ್ಲ. ಅವನ್ನು ನಂಬಿ ಔಷಧ ಬಿಡುವುದು ಅಪಾಯ. ಹಾಡಿನ ಚಿಕಿತ್ಸೆಯೂ ಎಲ್ಲರಿಗೂ ಒಗ್ಗುವುದಿಲ್ಲ. ಅರ್ಥ ಮಾಡಿಕೊಳ್ಳುವ ಶಕ್ತಿ ಉಳಿದು, ಆಡುವುದು ಮಾತ್ರ ಕಷ್ಟವಾದವರಿಗೆ ಅದು ಹೆಚ್ಚು ಹೊಂದುತ್ತದೆ, ಅದೂ ಪಟ್ಟುಹಿಡಿದ ಅಭ್ಯಾಸದಿಂದ.

ನಮ್ಮ ಕೈಯಲ್ಲೇ ಇದೆ

ಅಭ್ಯಾಸದ ಮಾತು ಬಂದಾಗ ನಮ್ಮ ಸಂಗೀತ ಪಾಠ ನೆನಪಾಗದೆ ಇರದು. ಸರಳೆ ವರಸೆ ಕಲಿಯುವ ಮಗು ತೊಡೆಯ ಮೇಲೆ ಒಂದು ತಟ್ಟು ಹಾಕಿ, ಕಿರುಬೆರಳಿನಿಂದ ಮೂರು ಎಣಿಸಿ, ಮತ್ತೆ ತಟ್ಟಿ, ಅಂಗೈ ತಿರುಗಿಸುತ್ತಾ ಆದಿತಾಳ ಹಾಕುತ್ತದೆ, ಬಾಯಲ್ಲಿ ಸ್ವರ ಹೇಳುತ್ತದೆ. ಬಾಯಿಯನ್ನೂ ಕೈಯನ್ನೂ ಲಯದಲ್ಲಿ ಬೆಸೆಯುವ ಈ ಪಾಠ ಬಾಸ್ಟನ್ನಿನ ಚಿಕಿತ್ಸೆಗೆ ಎಷ್ಟು ಹತ್ತಿರ! ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕ್ಕೋಲಿನಲ್ಲಂತೂ ರಾಗವೇ ಇಲ್ಲ, ಬರೀ ಅಕ್ಷರ ಮತ್ತು ತಾಳ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ನಂಟನ್ನು ಅಧ್ಯಯನ ಮಾಡುವ ಪ್ರಯೋಗಾಲಯವೇ ಇದೆ. ಮಾತು ಕಳೆದುಕೊಂಡವರಿಗಾಗಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ತಾಳ ನಮಗೆ ಹೊಸದಲ್ಲ, ತಜ್ಞರೂ ದೂರವಿಲ್ಲ.

ಆದ್ದರಿಂದ ಕಳಕಳಿಯಿಂದ ಹೇಳುತ್ತೇನೆ. ಬಾಯಿ ಓರೆಯಾದರೆ, ಕೈ ಸೋತರೆ ಅಥವಾ ಮಾತು ತೊದಲಿದರೆ ಕೂಡಲೇ ಆಸ್ಪತ್ರೆಗೆ ಓಡಿ. ಹೆಪ್ಪು ಕರಗಿಸುವ ಔಷಧ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಕಾಲವಿರುತ್ತದೆ. ಜೀವ ಉಳಿದು ಮಾತು ಮರಳದಿದ್ದರೆ ‘ಇನ್ನು ಇಷ್ಟೇ’ ಎಂದು ಕೈಚೆಲ್ಲಬೇಡಿ. ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ, ಹಾಡಿನ ಮೂಲಕ ಮಾತು ಕಲಿಸುವ ವಿಧಾನ ಇವರಿಗೆ ಹೊಂದೀತೇ ಎಂದು ಕೇಳಿ. ಮನೆಯಲ್ಲಿ ಅವರ ಪಕ್ಕ ಕುಳಿತು, ಅವರು ವರ್ಷಗಟ್ಟಲೆ ಹಾಡಿದ ದೇವರನಾಮವನ್ನೋ ಸೋಬಾನೆಯನ್ನೋ ಹಳೆಯ ಚಿತ್ರಗೀತೆಯನ್ನೋ ನಿಧಾನವಾಗಿ ಎತ್ತಿಕೊಡಿ. ಎರಡನೇ ಸಾಲಿಗೆ ಅವರ ದನಿ ಸೇರಿದರೆ ಚಿಕಿತ್ಸೆಗೊಂದು ಹಿಡಿ ಸಿಕ್ಕಿತೆಂದೇ ತಿಳಿಯಿರಿ. ಮರುದಿನವೇ ಥೆರಪಿಸ್ಟ್‌ಗೆ ಅದನ್ನು ತಿಳಿಸಿ!