ಬೋರ್ಡು ಬರೆಯುವ ಕೈಗೊಂದು ಗೋಡೆ

ದಿಲ್ಲಿಗೆ ಹೋದ ನಮ್ಮವರು ಸಾಮಾನ್ಯವಾಗಿ ನೋಡಿ ಬರುವುದು ಜಾಮಾ ಮಸೀದಿ, ಕೆಂಪು ಕೋಟೆ, ಹಝ್ರತ್ ನಿಝಾಮುದ್ದೀನ್ ದರ್ಗಾ. ದರ್ಗಾದಿಂದ ಆಟೋದಲ್ಲಿ ಸ್ವಲ್ಪ ದೂರ ಹೋದರೆ ಲೋಧಿ ಕಾಲನಿ ಎಂಬ ಬಡಾವಣೆಯುಂಟು. ಅಲ್ಲಿಗೆ ಹೋಗುವವರು ಕಡಿಮೆ. 2019ರ ಫೆಬ್ರವರಿಯಲ್ಲಿ ನಾವೂ ಹೋದದ್ದು ಆಕಸ್ಮಿಕವೇ. ದಿಲ್ಲಿಯಲ್ಲಿ ಓದುತ್ತಿದ್ದ ತಂಗಿಯ ಮಗನನ್ನು ನೋಡಲೆಂದು ಉಮ್ಮ, ಮಾಮ, ಮಕ್ಕಳು ಎಲ್ಲ ಹೊರಟಿದ್ದೆವು. ಝಿಯಾರತ್ ಮುಗಿಸಿ ಬಂದಾಗ ರೈಲಿಗೆ ಇನ್ನೂ ಅರ್ಧ ದಿನ ಇತ್ತು. "ಇಲ್ಲೇ ಹತ್ತಿರ ಗೋಡೆ ಚಿತ್ರಗಳುಂಟು, ಟಿಕೆಟ್ ಇಲ್ಲ" ಎಂದ ಹುಡುಗ. ಟಿಕೆಟ್ ಇಲ್ಲ ಎಂದದ್ದಕ್ಕೆ ಉಮ್ಮ ಒಪ್ಪಿದರು.

ಲೋಧಿ ಕಾಲನಿಯನ್ನು 1940ರ ದಶಕದಲ್ಲಿ ಬ್ರಿಟಿಷರು ಸರಕಾರಿ ನೌಕರರಿಗಾಗಿ ಕಟ್ಟಿಸಿದ್ದು. ಎತ್ತರದ ಕಮಾನುಗಳು, ಎದುರುಬದುರಾಗಿ ಒಂದೇ ಥರದ ಕಟ್ಟಡಗಳು, ಕಿಟಕಿಯಿಲ್ಲದ ದೊಡ್ಡ ದೊಡ್ಡ ಗೋಡೆಗಳು. ಇವತ್ತಿಗೂ ಅಲ್ಲಿ ಸಂಸಾರಗಳು ವಾಸವಾಗಿವೆ. ಸ್ಟಾರ್ಟ್ ಇಂಡಿಯಾ ಫೌಂಡೇಶನ್ ಎಂಬ ಸಂಸ್ಥೆ ದೇಶ ವಿದೇಶದ ಕಲಾವಿದರನ್ನು ಕರೆಸಿ ಈ ಗೋಡೆಗಳಲ್ಲಿ ಚಿತ್ರ ಬರೆಸಿತು. ಖನ್ನಾ ಮಾರ್ಕೆಟ್‌ನಿಂದ ಮೆಹರ್‌ಚಂದ್ ಮಾರ್ಕೆಟ್‌ವರೆಗಿನ ಬೀದಿಗಳಲ್ಲಿ 50ಕ್ಕೂ ಹೆಚ್ಚು ಚಿತ್ರಗಳು. ಬಾಗಿಲಿಲ್ಲ, ಕಾವಲಿಲ್ಲ. ನಡೆದಷ್ಟೂ ನೋಡಬಹುದು.

ಗ್ರಾಫಿಟಿ ಎಂದರೆ ಪೋಲಿ ಹುಡುಗರು ಗೋಡೆ ಹಾಳು ಮಾಡುವುದು ಎಂದು ನಾವು ಎಣಿಸಿದ್ದೆವು. ಅದರ ಶುರುವೂ ಹಾಗೆಯೇ ಅನ್ನಿ. ಯಾರನ್ನೂ ಕೇಳದೆ ರಾತ್ರಿ ಬಂದು ಸ್ಪ್ರೇ ಡಬ್ಬಿಯಲ್ಲಿ ತಮ್ಮ ಹೆಸರು ಬರೆದು ಓಡುವುದು. ಮ್ಯೂರಲ್ ಹಾಗಲ್ಲ. ಗೋಡೆಯ ಯಜಮಾನರಿಂದ ಅನುಮತಿ ಪಡೆದು, ಹಗಲು ಹೊತ್ತಿನಲ್ಲಿ, ಅಟ್ಟಣಿಗೆ ಅಥವಾ ಲಿಫ್ಟ್ ಇಟ್ಟು ದಿನಗಟ್ಟಲೆ ಮಾಡುವ ಕೆಲಸ. ಲೋಧಿಯಲ್ಲಿ ಇರುವುದು ಇದು. ಆದರೆ ಬರೆದವರಲ್ಲಿ ಹಲವರು ಗ್ರಾಫಿಟಿಯಿಂದಲೇ ಬಂದವರು.

ಮೆಕ್ಸಿಕೋದ ಸೆಂಕೋ ಬರೆದ ಬಣ್ಣಬಣ್ಣದ ಹಕ್ಕಿಗಳ ಎದುರು ನಮ್ಮ ಮಕ್ಕಳು ಕದಲಲಿಲ್ಲ. ಹರ್ಷ್ ರಾಮನ್ ಅವರ ಕಥಕ್ಕಳಿ ವೇಷವನ್ನು ಕಂಡು ಉಮ್ಮ, "ಇದು ನಮ್ಮ ಕಡೆಯದ್ದೇ ಅಲ್ವಾ?" ಎಂದು ಕೇಳಿದರು. ಬೆಂಗಳೂರಿನ ಅರಾವನಿ ಆರ್ಟ್ ಪ್ರಾಜೆಕ್ಟ್ ತಂಡವೂ ಆ ವರ್ಷ ಅಲ್ಲೊಂದು ಗೋಡೆ ಬರೆದಿತ್ತು. ಟ್ರಾನ್ಸ್‌ಜೆಂಡರ್ ಮಹಿಳೆಯರು ಸೇರಿ ಚಿತ್ರ ಬರೆಯುವ ತಂಡ ಅದು. ಸಾರ್ವಜನಿಕ ಜಾಗದಲ್ಲಿ ನಾಲ್ಕು ಜನ ತಿರುಗಿ ಕೆಟ್ಟದಾಗಿ ನೋಡುವವರ ಕೈಗೇ ಇಲ್ಲಿ ಬ್ರಶ್ ಕೊಟ್ಟಿದ್ದರು. ದಾಕು ಎಂಬ ಹೆಸರಿನ ಕಲಾವಿದ ಒಂದು ಗೋಡೆಗೆ ಅಕ್ಷರಗಳನ್ನು ಹೊರಚಾಚುವಂತೆ ಜೋಡಿಸಿದ್ದರು. ಬಿಸಿಲು ಬಿದ್ದಾಗ ಗೋಡೆಯ ಮೇಲೆ ನೆರಳೇ ಓದಲು ಬರುವ ಮಾತಾಗುತ್ತದೆ. ಸೂರ್ಯ ಸರಿದರೆ ಅದೂ ಇಲ್ಲ. ಕಾಲ ಎಲ್ಲವನ್ನೂ ಬದಲಿಸುತ್ತದೆ ಎಂಬುದೇ ಆ ಕೃತಿಯ ಹೆಸರು.

ಮಾಮ ಮಾತ್ರ ಚಿತ್ರಗಳ ಎದುರು ಹೆಚ್ಚು ನಿಲ್ಲಲಿಲ್ಲ. ಫ್ರಾನ್ಸಿನ ಲೆಕ್ ಮತ್ತು ಸೋವತ್ ಜೋಡಿ ಇಲ್ಲಿನವರೇ ಆದ ಹನೀಫ್ ಕುರೇಶಿ ಜೊತೆ ಸೇರಿ ಮಾಡಿದ ಅಕ್ಷರಗಳ ಗೋಡೆಯ ಎದುರು ಅವರ ಕಾಲು ನಿಂತಿತು. ಗೋಡೆಗೆ ಮುಖ ಹತ್ತಿರ ತಂದು ಅಂಚು ನೋಡಿದರು. "ಕೈ ನಡುಗಿಲ್ಲ ನೋಡು" ಎಂದರು ನಮ್ಮ ಹತ್ತಿರ.

ಮಾಮ ಮೂವತ್ತು ವರ್ಷ ಬೋರ್ಡು ಬರೆದವರು. ಬಂದರಿನ ಅಂಗಡಿಗಳು, ಧಕ್ಕೆಯ ಬೋಟುಗಳು, ಬಸ್ಸಿನ ಗಾಜಿನ ಮೇಲಿನ ಹೆಸರು, ಎಲ್ಲ ಅವರ ಕೈಯದ್ದು. ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಎಳೆದು ಬಿಟ್ಟರೆ ಗೆರೆ ನೇರ ಬೀಳುತ್ತಿತ್ತು. ಆಮೇಲೆ ಫ್ಲೆಕ್ಸ್ ಬಂತು. ಎರಡು ದಿನದ ಕೆಲಸ ಅರ್ಧ ಗಂಟೆಯಲ್ಲಿ, ಕಾಲು ದುಡ್ಡಿಗೆ. ಅಂಗಡಿಯವರನ್ನು ದೂರುವಂತಿಲ್ಲ, ಅವರಿಗೂ ವ್ಯಾಪಾರ ನಡೆಯಬೇಕು. ಮಾಮ ಬ್ರಶ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದರು. ಬೋರ್ಡಿನ ಮಾತನ್ನೇ ಮನೆಯಲ್ಲಿ ಎತ್ತುತ್ತಿರಲಿಲ್ಲ.

ಆ ಹನೀಫ್ ಕುರೇಶಿ ಯಾರೆಂದು ನಮಗೆ ಆಗ ಗೊತ್ತಿರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ತಿಳಿಯಿತು. ಗುಜರಾತಿನಲ್ಲಿ ಹುಟ್ಟಿದವರು, ಬರೋಡದಲ್ಲಿ ಕಲೆ ಕಲಿತವರು. ಚಿಕ್ಕವರಿದ್ದಾಗ ಅವರಿಗೆ ಬೋರ್ಡು ಬರೆಯುವ ಪೈಂಟರ್ ಆಗಬೇಕೆಂಬ ಆಸೆಯಿತ್ತಂತೆ. ಜಾಹೀರಾತು ಕಂಪೆನಿಯಲ್ಲಿ ಕೆಲಸ ಮಾಡುತ್ತಿದ್ದರೂ ಆ ಆಸೆ ಬಿಡಲಿಲ್ಲ. ಊರೂರಿನ ಪೈಂಟರ್‌ಗಳನ್ನು ಹುಡುಕಿ, ಅವರಿಂದ ಅಕ್ಷರಮಾಲೆ ಬರೆಸಿ, ಅದನ್ನು ಕಂಪ್ಯೂಟರ್ ಫಾಂಟ್ ಮಾಡುವ ‘ಹ್ಯಾಂಡ್‌ಪೈಂಟೆಡ್ ಟೈಪ್’ ಯೋಜನೆ ಶುರು ಮಾಡಿದರು. ಫಾಂಟಿಗೆ ಆ ಪೈಂಟರನದ್ದೇ ಹೆಸರು, ಮಾರಿದ ದುಡ್ಡಿನಲ್ಲಿ ಅವನಿಗೊಂದು ಪಾಲು. 2014ರಲ್ಲಿ ಗೆಳೆಯರೊಂದಿಗೆ ಸ್ಟಾರ್ಟ್ ಇಂಡಿಯಾ ಕಟ್ಟಿದರು. ಅದೇ ವರ್ಷ ದಿಲ್ಲಿಯ ಪೊಲೀಸ್ ಪ್ರಧಾನ ಕಚೇರಿಯ ಗೋಡೆಯಲ್ಲಿ ಅನ್ಪು ವರ್ಕಿ ಮತ್ತು ಜರ್ಮನಿಯ ಹೆಂಡ್ರಿಕ್ ಬೈಕಿರ್ಶ್ ಬೃಹತ್ ಗಾಂಧಿ ಚಿತ್ರ ಬರೆದದ್ದು ಈ ಸಂಸ್ಥೆಯ ಮೂಲಕವೇ. ಹನೀಫ್ ತೀರಿಕೊಂಡಾಗ ವಯಸ್ಸು ಬರೀ 41.

ಇದನ್ನೆಲ್ಲ ಓದಿ ಹೇಳಿದಾಗ ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೋರ್ಡು ಬರೆಯಬೇಕೆಂದು ಆಸೆಪಟ್ಟವನೂ ಒಬ್ಬ ಇದ್ದನಾ ಮೋನೇ? ನಾವು ಬೇರೆ ಕೆಲಸ ಸಿಗಲಿಲ್ಲ ಅಂತ ಮಾಡಿದ್ದು" ಎಂದರು.

ಅವತ್ತೇ ಮಕ್ಕಳು ಅಟ್ಟ ಹತ್ತಿ ಬ್ರಶ್ ಇಳಿಸಿದರು. ಅರ್ಧಕ್ಕರ್ಧ ಗಟ್ಟಿಯಾಗಿ ಹೋಗಿದ್ದವು. ಎರಡು ಹೊಸತು ತಂದೆವು. ಗೇಟಿನ ಪಕ್ಕದ ಗೋಡೆಯಲ್ಲಿ ಮನೆಯ ಹೆಸರು ಬರೆದುಕೊಡಿ ಎಂದು ಕೇಳಿದೆವು. ದೊಡ್ಡ ಮಗಳದ್ದು ಒಂದು ಹಠ, ಕನ್ನಡದ ಕೆಳಗೆ ಬ್ಯಾರಿ ಲಿಪಿಯಲ್ಲೂ ಇರಬೇಕೆಂದು. ಬ್ಯಾರಿ ಸಾಹಿತ್ಯ ಅಕಾಡೆಮಿ 2020ರಲ್ಲಿ ಬಿಡುಗಡೆ ಮಾಡಿದ ಲಿಪಿಯನ್ನು ಅವಳು ಮೊಬೈಲ್‌ನಲ್ಲಿ ತೋರಿಸಿದಳು. ಎಪ್ಪತ್ತು ದಾಟಿದ ಮಾಮ ಮೂರು ದಿನ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಕ್ಷರ ತೀಡಿದರು. ನಾಲ್ಕನೇ ದಿನ ಸುಬ್‌ಹಿ ಆದ ಕೂಡಲೇ ದಾರ ಎಳೆದು ಗೆರೆ ಹಾಕಿ ಕೂತರು. ಕೈ ಈಗ ನಡುಗುತ್ತದೆ. ಎಡಗೈಯನ್ನು ಊರುಗೋಲಿನಂತೆ ಬಲಗೈ ಕೆಳಗೆ ಇಟ್ಟುಕೊಂಡು ಬರೆದು ಮುಗಿಸಿದರು. ದಾರಿಯಲ್ಲಿ ಹೋಗುವವರು ನಿಂತು, "ಇದು ಯಾವ ಭಾಷೆ ಕಾಕಾ?" ಎಂದು ಕೇಳುತ್ತಾರೆ. "ನಮ್ಮದೇ" ಎನ್ನುತ್ತಾರೆ ಮಾಮ.

ನಮ್ಮ ಊರುಗಳಲ್ಲಿ ಇಂಥ ಕೈಗಳು ಇನ್ನೂ ಉಳಿದಿವೆ. ಬ್ರಶ್ ಬಿಟ್ಟು ಕೆಲವರು ಮೀನು ಮಾರುತ್ತಿದ್ದಾರೆ, ಕೆಲವರು ರಿಕ್ಷಾ ಓಡಿಸುತ್ತಿದ್ದಾರೆ. ಶಾಲೆಗೆ, ಸಭಾಭವನಕ್ಕೆ, ಲೈಬ್ರರಿಗೆ ಉದ್ದದ ಕಂಪೌಂಡ್ ಗೋಡೆಗಳುಂಟು. ವರ್ಷಕ್ಕೊಂದು ಫ್ಲೆಕ್ಸಿಗೆ ಕೊಡುವ ದುಡ್ಡಿನಲ್ಲಿ ಒಂದು ಗೋಡೆಯ ಪೈಂಟೂ ಒಬ್ಬರ ಮಜೂರಿಯೂ ಹೊಂದೀತು. ಅಕ್ಷರವೇ ಸಾಕು, ಚಿತ್ರವೇ ಆಗಬೇಕೆಂದಿಲ್ಲ. ಪಕ್ಕದಲ್ಲಿ ಹೈಸ್ಕೂಲಿನ ನಾಲ್ಕು ಮಕ್ಕಳನ್ನು ನಿಲ್ಲಿಸಿದರೆ ಕೆಲಸ ಅವರ ಕೈಗೂ ಹತ್ತುತ್ತದೆ.

ದಿಲ್ಲಿಗೆ ಹೋಗುವವರು ಲೋಧಿ ಕಾಲನಿಗೊಮ್ಮೆ ಹೋಗಿ ಬನ್ನಿ. ಮೆಟ್ರೋದಲ್ಲಾದರೆ ಜೋರ್ ಬಾಗ್ ಅಥವಾ ಜವಾಹರಲಾಲ್ ನೆಹರೂ ಸ್ಟೇಡಿಯಂ ನಿಲ್ದಾಣದಲ್ಲಿ ಇಳಿಯಬೇಕು. ಬೆಳಗ್ಗೆ ಹೋದರೆ ಬಿಸಿಲೂ ಕಡಿಮೆ, ಗೋಡೆ ಎದುರು ನಿಲ್ಲಿಸುವ ಕಾರುಗಳೂ ಕಡಿಮೆ. ಬಿಸಿಲು ಮಳೆಗೆ ಬಣ್ಣ ಮಾಸುತ್ತದೆ, ಹಳೆಯದರ ಮೇಲೆ ಹೊಸದು ಬರುತ್ತದೆ. ಹಾಗಾಗಿ ನಾವು ಕಂಡದ್ದೇ ನಿಮಗೂ ಸಿಗಬೇಕೆಂದಿಲ್ಲ. ಅಲ್ಲಿ ಜನ ವಾಸವಿದ್ದಾರೆ ಎಂಬುದು ಮಾತ್ರ ನೆನಪಿರಲಿ, ಫೋಟೋ ತೆಗೆಯುವ ಭರದಲ್ಲಿ ಯಾರ ಅಂಗಳಕ್ಕೂ ನುಗ್ಗಬೇಡಿ.